ಫಾಕರ್ ಮಾರಿ: ತಿರುಗುವ ಪ್ರೊಪೆಲರ್ ಸಂದಿಯಲ್ಲಿ ಗುಂಡು ಹಾರಿಸಿದ ವಿಮಾನ

ದೋಸೆ ಹಿಟ್ಟನ್ನು ಒರಳಲ್ಲಿ ರುಬ್ಬುವುದನ್ನು ನೋಡಿದ್ದೀರಾ? ನಮ್ಮಜ್ಜಿ ಬಲಗೈಯಲ್ಲಿ ಗುಂಡುಕಲ್ಲು ತಿರುಗಿಸುತ್ತಾ, ಎಡಗೈಯಲ್ಲಿ ಅಂಚಿಗೆ ಬಂದ ಹಿಟ್ಟನ್ನು ಒಳಕ್ಕೆ ತಳ್ಳುತ್ತಿದ್ದರು. ಕಣ್ಣು ಒರಳಿನ ಮೇಲೆ ಇರುತ್ತಿರಲಿಲ್ಲ, ಪಕ್ಕದ ಮನೆಯವರ ಜೊತೆ ಮಾತು ನಡೆದೇ ಇರುತ್ತಿತ್ತು. ಆದರೂ ಕೈ ಒಂದು ಸಲವೂ ಕಲ್ಲಿಗೆ ಸಿಕ್ಕಲಿಲ್ಲ. ನಾನೂ ಒಮ್ಮೆ ಕೈ ಹಾಕಿ ಬೆರಳು ಜಜ್ಜಿಸಿಕೊಂಡೆ. ಕಲ್ಲು ಹತ್ತಿರ ಬಂದಾಗ ಕೈ ತೆಗೆದರಾಯಿತು ಅಂತ ನನ್ನ ಲೆಕ್ಕ. ಅಜ್ಜಿಯ ಲೆಕ್ಕ ಅದರ ಉಲ್ಟಾ. ಕಲ್ಲು ದಾಟಿದ ಕೂಡಲೇ ಅದರ ಬೆನ್ನಿಗೇ ಕೈ ಹೋಗಬೇಕು. "ಯಾವಾಗ ಕೈ ಹಾಕ್ಬೇಕು ಅಂತ ಕಲ್ಲೇ ಹೇಳತ್ತೆ ಕಣೋ" ಅನ್ನುತ್ತಿದ್ದರು.

1915ರಲ್ಲಿ ಯುರೋಪಿನ ಆಕಾಶದಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಈ ಒರಳು ಸಾಕು. ಜರ್ಮನಿಯ ಫಾಕರ್ ಐನ್‌ಡೆಕರ್ ಎಂಬ ಪುಟ್ಟ ವಿಮಾನ ಎಂಟೊಂಬತ್ತು ತಿಂಗಳು ಬ್ರಿಟಿಷರ, ಫ್ರೆಂಚರ ನಿದ್ದೆಗೆಡಿಸಿತು. ಬ್ರಿಟಿಷ್ ಪತ್ರಿಕೆಗಳು ಆ ಕಾಲಕ್ಕೆ ಕೊಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ 'ಫಾಕರ್ ಮಾರಿ'. ಊರಿಗೆ ಮಾರಿ ಹೊಕ್ಕ ಹಾಗೆ. ತಮಾಷೆ ಅಂದರೆ, ವಿಮಾನವಾಗಿ ನೋಡಿದರೆ ಇದು ಅಂಥ ದೊಡ್ಡದೇನೂ ಅಲ್ಲ. ಕೆಲಸ ಮಾಡಿದ್ದು ಅದರೊಳಗಿನ ಒಂದು ಸರಳು ಮತ್ತು ಒಂದು ಉಬ್ಬುಚಕ್ರ.

ಮೊದಲ ಮಹಾಯುದ್ಧ ಶುರುವಾದಾಗ ವಿಮಾನ ಅಂದರೆ ಬರೀ ಕಣ್ಣು. ಮೇಲಿಂದ ಶತ್ರುವಿನ ಕಂದಕ ಎಲ್ಲಿದೆ, ಫಿರಂಗಿ ಎಲ್ಲಿದೆ ಅಂತ ನೋಡಿಕೊಂಡು ಬರುವುದಷ್ಟೇ ಅದರ ಕೆಲಸ. ಹಾಗೆ ನೋಡಲು ಬಂದವನನ್ನು ಓಡಿಸುವುದು ಹೇಗೆ? ಮೊದಮೊದಲು ಪಿಸ್ತೂಲು, ಬಂದೂಕು ಹಿಡಿದುಕೊಂಡು ಹೋದರು. ಹಾರುವ ವಿಮಾನದಲ್ಲಿ ಕೂತು, ಹಾರುವ ಇನ್ನೊಂದು ವಿಮಾನಕ್ಕೆ ಬಂದೂಕು ಹಿಡಿದರೆ ಗುರಿ ತಾಗುವುದು ಅದೃಷ್ಟದ ಮಾತು. ಮಷಿನ್ ಗನ್ ಬೇಕು. ಅದನ್ನು ವಿಮಾನದ ಮೂತಿಗೆ ನೇರವಾಗಿ ಬಿಗಿದರೆ ಇನ್ನೂ ಒಳ್ಳೆಯದು. ಆಗ ಗುರಿ ಹಿಡಿಯುವುದು ಬೇರೆ, ವಿಮಾನ ಓಡಿಸುವುದು ಬೇರೆ ಆಗುವುದಿಲ್ಲ. ವಿಮಾನವನ್ನೇ ಶತ್ರುವಿನ ಕಡೆ ತಿರುಗಿಸಿದರೆ ಸಾಕು. ಗನ್ ಪೈಲಟ್‌ನ ಕಣ್ಣೆದುರೇ ಇರುತ್ತದೆ, ಗುಂಡು ಸಿಕ್ಕಿಕೊಂಡರೆ ಕೈ ಚಾಚಿ ಬಿಡಿಸಬಹುದು.

ತೊಂದರೆ ಒಂದೇ. ಮೂತಿಯಲ್ಲಿ ಪ್ರೊಪೆಲರ್ ತಿರುಗುತ್ತಿರುತ್ತದೆ. ಆಗ ಅದು ಮರದ್ದು.

ರಣರಂಗದಲ್ಲಿ ಇದಕ್ಕೆ ಮೊದಲು ಕೈ ಹಾಕಿದ್ದು ಫ್ರೆಂಚ್ ಪೈಲಟ್ ರೋಲಾಂಡ್ ಗಾರೋಸ್. ಟೆನಿಸ್ ನೋಡುವವರಿಗೆ ಈ ಹೆಸರು ಹೊಸದಲ್ಲ. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ನಡೆಯುವ ಮೈದಾನಕ್ಕೆ ಇವನದೇ ಹೆಸರು. ಆಟಗಾರ ಅಂದುಕೊಂಡವರೇ ಜಾಸ್ತಿ. ಆದರೆ ಗಾರೋಸ್ ಹೆಸರಾದದ್ದು 1913ರಲ್ಲಿ ಎಲ್ಲೂ ಇಳಿಯದೆ ಮೆಡಿಟರೇನಿಯನ್ ಸಮುದ್ರ ದಾಟಿದ್ದಕ್ಕೆ. ಅವನ ಉಪಾಯ ಒರಟು. ಪ್ರೊಪೆಲರಿನ ಎರಡೂ ಅಲಗುಗಳ ಮೇಲೆ, ಗುಂಡು ತಾಗುವ ಜಾಗದಲ್ಲಿ, ಉಕ್ಕಿನ ಬೆಣೆ ಕೂರಿಸಿದ. ಹೆಚ್ಚಿನ ಗುಂಡುಗಳು ಹೇಗೂ ಸಂದಿಯಲ್ಲೇ ದಾಟಿ ಹೋಗುತ್ತವೆ. ಅಲಗಿಗೆ ಬಡಿದ ಒಂದೆರಡು ಬೆಣೆಗೆ ತಾಗಿ ಆಚೀಚೆ ಚಿಮ್ಮಲಿ ಬಿಡು ಅಂತ. 1915ರ ಏಪ್ರಿಲ್ 1ರಂದು ಹೀಗೇ ಒಂದು ಜರ್ಮನ್ ವಿಮಾನ ಕೆಡವಿದ. ಆ ತಿಂಗಳೇ ಇನ್ನೆರಡು. ಏಪ್ರಿಲ್ 18ರಂದು ಎಂಜಿನ್ ಕೈಕೊಟ್ಟು ಜರ್ಮನ್ನರ ಕಡೆ ಇಳಿಯಬೇಕಾಯಿತು. ವಿಮಾನಕ್ಕೆ ಬೆಂಕಿ ಹಚ್ಚಲು ನೋಡಿದ, ಅದು ಪೂರ್ತಿ ಹತ್ತಲಿಲ್ಲ. ಬೆಣೆ ಕೂರಿಸಿದ ಪ್ರೊಪೆಲರ್ ಜರ್ಮನ್ನರ ಕೈಗೆ ಬಂತು.

ಜರ್ಮನ್ನರು ಅದನ್ನೇ ನಕಲು ಮಾಡಲು ಹೊರಟರು. ಕೆಲಸ ಕೆಟ್ಟಿತು. ಫ್ರೆಂಚರ ಗುಂಡು ಮೆತ್ತನೆಯ ಲೋಹದ್ದು, ಜರ್ಮನ್ನರದು ಉಕ್ಕಿನ ಕವಚದ್ದು. ಬೆಣೆಗಳು ಪುಡಿಯಾದವು. ಆಗ ಕರೆ ಹೋಗಿದ್ದು ಅಂತೋನಿ ಫಾಕರ್‌ಗೆ.

ಫಾಕರ್ ಜರ್ಮನಿಯವನಲ್ಲ, ಡಚ್ಚರವನು. ಹುಟ್ಟಿದ್ದು 1890ರಲ್ಲಿ, ಇಂದಿನ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ. ಇಪ್ಪತ್ತೈದು ತುಂಬುವ ಮುಂಚೆಯೇ ಜರ್ಮನಿಯ ಶ್ವೆರಿನ್ ಊರಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ. ಎರಡೇ ದಿನದಲ್ಲಿ ಉತ್ತರ ಕಂಡುಹಿಡಿದೆ ಅಂತ ಮುಂದೆ ಹೇಳಿಕೊಂಡ. ನಾನು ನಂಬುವುದಿಲ್ಲ. ಫ್ರಾಂಟ್ಸ್ ಶ್ನೈಡರ್ ಎಂಬ ಎಂಜಿನಿಯರ್ ಇಂಥದ್ದೇ ಯಂತ್ರಕ್ಕೆ 1913ರಲ್ಲೇ ಪೇಟೆಂಟ್ ಪಡೆದಿದ್ದ, ಆಮೇಲೆ ಫಾಕರ್ ಮೇಲೆ ಕೇಸನ್ನೂ ಹಾಕಿದ. ಫ್ರಾನ್ಸಿನ ರೇಮಂಡ್ ಸೊಲ್ನಿಯೇ ಕೂಡ ಯುದ್ಧಕ್ಕೆ ಮುಂಚೆಯೇ ಇದನ್ನು ಮಾಡಿ ನೋಡಿ, ಗುಂಡುಗಳ ಗುಣಮಟ್ಟಕ್ಕೆ ಬೇಸತ್ತು ಕೈಬಿಟ್ಟಿದ್ದ. ಫಾಕರ್ ಕಾರ್ಖಾನೆಯಲ್ಲೂ ಹೈನ್‌ರಿಕ್ ಲ್ಯೂಬೆ ಎಂಬವನು ಇದರ ಮೇಲೆ ಕೆಲಸ ಮಾಡಿದ್ದ. ಫಾಕರ್‌ನ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಬೇರೆಯವರ ಕಾಗದದ ಮೇಲೆ ಇದ್ದದ್ದನ್ನು ಅವನು ಗಾಳಿಯಲ್ಲಿ ಕೆಲಸ ಮಾಡುವ ಹಾಗೆ ಮಾಡಿದ. ಮೇ ತಿಂಗಳಲ್ಲಿ ಸೈನ್ಯದ ಅಧಿಕಾರಿಗಳ ಮುಂದೆ ತಾನೇ ಹಾರಿಸಿ ತೋರಿಸಿದ.

ಈಗ ಒರಳಿಗೆ ವಾಪಸ್ ಬರೋಣ.

ಎಲ್ಲರೂ ಸಾಮಾನ್ಯವಾಗಿ ಅಂದುಕೊಳ್ಳುವುದು ಹೀಗೆ: ಗನ್ ಗುಂಡು ಉಗುಳುತ್ತಲೇ ಇರುತ್ತದೆ, ಅಲಗು ಎದುರು ಬಂದಾಗ ಯಂತ್ರ ಅದನ್ನು ತಡೆಯುತ್ತದೆ. ಇದು ನಾನು ಬೆರಳು ಜಜ್ಜಿಸಿಕೊಂಡ ಲೆಕ್ಕ. ಸುಮ್ನೆ ಅಂಕಿ ನೋಡಿ. ಎಂಜಿನ್ ನಿಮಿಷಕ್ಕೆ 1200 ಸುತ್ತು ಅಂದರೆ ಸೆಕೆಂಡಿಗೆ 20 ಸುತ್ತು. ಅಲಗು ಎರಡು. ಅಂದರೆ ಗನ್ನಿನ ಬಾಯಿ ಮುಂದೆ ಸೆಕೆಂಡಿಗೆ 40 ಸಲ ಅಲಗು ಹಾಯುತ್ತದೆ. ಗನ್ ಹಾರಿಸುವುದು ಸೆಕೆಂಡಿಗೆ ಎಂಟೋ ಹತ್ತೋ ಗುಂಡು. ಇಷ್ಟು ವೇಗದಲ್ಲಿ ತಡೆಯುವುದು, ಬಿಡುವುದು, ಮತ್ತೆ ತಡೆಯುವುದು ಆಗದ ಮಾತು.

ಫಾಕರ್ ಯಂತ್ರ ಅಜ್ಜಿಯ ಲೆಕ್ಕದಲ್ಲಿ ನಡೆಯಿತು. ಎಂಜಿನ್ ಹಿಂದೆ ಒಂದು ಚಕ್ರ. ಚಕ್ರದ ಅಂಚಿನಲ್ಲಿ ಉಬ್ಬು. ಎಂಜಿನ್ ಜೊತೆಗೇ ಚಕ್ರವೂ ತಿರುಗುತ್ತದೆ. ಪೈಲಟ್ ಗುಂಡಿ ಒತ್ತಿದಾಗ ಗನ್ ಹಾರುವುದಿಲ್ಲ. ಒಂದು ಸ್ಪ್ರಿಂಗ್ ಸರಳು ಚಕ್ರದ ಮೇಲೆ ಇಳಿದು ಕೂರುತ್ತದೆ, ಅಷ್ಟೇ. ಅಲಗು ದಾಟಿದ ಕೂಡಲೇ ಉಬ್ಬು ಬಂದು ಸರಳನ್ನು ಎತ್ತುತ್ತದೆ. ಸರಳಿನ ಇನ್ನೊಂದು ತುದಿ ಗನ್ನಿನ ಕುದುರೆಯನ್ನು ತಳ್ಳುತ್ತದೆ. ಒಂದು ಗುಂಡು ಹೋಯಿತು. ಗನ್ ಇನ್ನೊಂದು ಗುಂಡು ತುಂಬಿಕೊಂಡು ಕಾಯುತ್ತದೆ. ಅದು ತುಂಬಿಕೊಳ್ಳುವಷ್ಟರಲ್ಲಿ ಅಲಗು ನಾಲ್ಕೈದು ಸಲ ಹಾದು ಹೋಗಿರುತ್ತದೆ, ಪರವಾಗಿಲ್ಲ. ಅಜ್ಜಿಯೂ ಪ್ರತಿ ಸುತ್ತಿಗೂ ಹಿಟ್ಟು ತಳ್ಳುತ್ತಿರಲಿಲ್ಲ. ತಳ್ಳಬೇಕಾದಾಗ ಮಾತ್ರ ಕಲ್ಲಿನ ಬೆನ್ನಿಗೆ ಕೈ ಹೋಗುತ್ತಿತ್ತು. ಗುಂಡು ಹಾರಿಸುವವನು ಪೈಲಟ್ ಅಲ್ಲ, ಪ್ರೊಪೆಲರ್ರೇ. ಪೈಲಟ್ ಕೊಡುವುದು ಒಪ್ಪಿಗೆ ಮಾತ್ರ.

ಆ ಒಪ್ಪಿಗೆ ಮತ್ತು ಗುಂಡಿನ ನಡುವೆ ಒಂದು ಅಪಾಯ ಉಳಿದೇ ಇತ್ತು. ದೀಪಾವಳಿಯಲ್ಲಿ ಠುಸ್ ಆಯಿತು ಅಂತ ಬಿಟ್ಟ ಪಟಾಕಿ, ಹತ್ತಿರ ಹೋದಾಗ ಢಂ ಅನ್ನುವುದಿಲ್ಲವೇ? ಹಾಗೆ ಗುಂಡಿನ ಮದ್ದು ಒಂಚೂರು ತಡವಾಗಿ ಹತ್ತಿದರೆ ಲೆಕ್ಕ ತಪ್ಪುತ್ತದೆ. ಒಂಚೂರು ಅಂದರೆ ಎಷ್ಟು? ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪ್ರೊಪೆಲರ್ 72 ಡಿಗ್ರಿ ತಿರುಗಿರುತ್ತದೆ. ಹೆಚ್ಚೂಕಡಿಮೆ ಸುತ್ತಿನ ಐದನೇ ಒಂದು ಪಾಲು. ಸಂದಿ ಅಂತ ಹಾರಿದ ಗುಂಡಿಗೆ ಅಲಗು ಸಿಗಲು ಇದು ಬೇಕಾದಷ್ಟು. ಈ ಮಾತು ನೆನಪಿರಲಿ, ಮುಂದೆ ಇದೇ ಒಬ್ಬರ ಸಾವಿನ ಜಾಗಕ್ಕೆ ಬರುತ್ತದೆ.

ಈ ಗನ್ ಕೂತದ್ದು ಎಂಥ ವಿಮಾನದ ಮೇಲೆ? ಫಾಕರ್ ಬಳಿ ಎಂ-5 ಅಂತ ನಿರಾಯುಧ ವಿಮಾನ ಇತ್ತು. ಫ್ರೆಂಚರ ಮೊರಾನ್ ವಿಮಾನ ನೋಡಿ ಮಾಡಿದ್ದು. ಮೊರಾನ್ ಮರದ್ದಾದರೆ ಇದರ ಮೈ ಉಕ್ಕಿನ ಕೊಳವೆಗಳನ್ನು ವೆಲ್ಡ್ ಮಾಡಿ, ಮೇಲೆ ಬಟ್ಟೆ ಹೊದಿಸಿದ್ದು. ಎಂಜಿನ್ನೂ ಮೂಲದಲ್ಲಿ ಫ್ರೆಂಚರದೇ. ಓಬರ್‌ಊರ್ಸೆಲ್ ಕಂಪನಿ ತಯಾರಿಸುತ್ತಿದ್ದದ್ದು ಫ್ರೆಂಚ್ ನೋಮ್ ಎಂಜಿನ್ನಿನ ಜರ್ಮನ್ ರೂಪ. ಫ್ರೆಂಚರನ್ನು ಹೊಡೆಯಲು ಫ್ರೆಂಚರದೇ ಬುದ್ಧಿ, ಅಲ್ವಾ.

ಆ ಎಂಜಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಬೈಕಿನಲ್ಲಿ ಸಿಲಿಂಡರ್ ಕದಲುವುದಿಲ್ಲ, ಒಳಗಿನ ಕ್ರ್ಯಾಂಕ್ ತಿರುಗುತ್ತದೆ. ಇಲ್ಲಿ ಕ್ರ್ಯಾಂಕನ್ನು ವಿಮಾನಕ್ಕೆ ಬಿಗಿದುಬಿಟ್ಟಿದ್ದಾರೆ. ಏಳೋ ಒಂಬತ್ತೋ ಸಿಲಿಂಡರ್ ಇರುವ ಇಡೀ ಎಂಜಿನ್ನು ಪ್ರೊಪೆಲರ್ ಜೊತೆ ಗಿರ್ರನೆ ಸುತ್ತುತ್ತದೆ. ಗಾಳಿಯಲ್ಲಿ ಸುತ್ತುವುದರಿಂದ ತಣ್ಣಗಿರುತ್ತದೆ, ತೂಕ ಕಡಿಮೆ. ಆದರೆ ಒಳಗೆ ಹಾಕಿದ ಎಣ್ಣೆ ವಾಪಸ್ ಬರುವುದಿಲ್ಲ, ಹೊಗೆಯ ಜೊತೆ ಹೊರಗೆ ಎರಚುತ್ತದೆ. ಪೆಟ್ರೋಲೂ ಅದೇ ದಾರಿಯಲ್ಲಿ ಹೋಗುವುದರಿಂದ ಪೆಟ್ರೋಲಿನಲ್ಲಿ ಕರಗದ ಎಣ್ಣೆಯೇ ಬೇಕು. ಯಾವುದು ಗೊತ್ತಾ? ಹರಳೆಣ್ಣೆ. ಉತ್ತರ ಕರ್ನಾಟಕದವರ ಔಡಲೆಣ್ಣೆ. ನಮಗೆ ಚಿಕ್ಕಂದಿನಲ್ಲಿ ಭಾನುವಾರ ಬೆಳಿಗ್ಗೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಎಣ್ಣೆ. ಪಾಪ, ಆ ಪೈಲಟ್‌ಗಳ ಮುಖಕ್ಕೆ ಅದು ಹಾರಾಟದ ಉದ್ದಕ್ಕೂ ಸಿಂಪಡಿಸುತ್ತಿತ್ತು. ಹೊಟ್ಟೆಗೂ ಹೋಗುತ್ತಿತ್ತು. ಪರಿಣಾಮ ನೀವೇ ಊಹಿಸಿಕೊಳ್ಳಿ.

ಎಂ-5ರ ಮೇಲೆ ಗನ್ ಕೂರಿಸಿದ ಮೊದಲ ಐದು ವಿಮಾನಗಳು ಪ್ರಯೋಗಕ್ಕೆ ರಣರಂಗಕ್ಕೆ ಹೋದವು. ಜುಲೈ 1ರಂದು ಕುರ್ಟ್ ವಿಂಟ್‌ಗೆನ್ಸ್ ಎಂಬ ಪೈಲಟ್ ಲ್ಯೂನೆವಿಲ್ ಹತ್ತಿರ ಒಂದು ಮೊರಾನ್ ವಿಮಾನ ಕೆಡವಿದ. ಅದು ಫ್ರೆಂಚರ ಕಡೆ ಬಿದ್ದದ್ದರಿಂದ ಲೆಕ್ಕಕ್ಕೆ ಸೇರಲಿಲ್ಲ. ಆದರೂ ಬೆಣೆಯ ಹಂಗಿಲ್ಲದೆ, ಯಂತ್ರದ ಲೆಕ್ಕದಲ್ಲಿ ಪ್ರೊಪೆಲರ್ ಸಂದಿಯಲ್ಲಿ ಗುಂಡು ಹಾರಿಸಿ ಗೆದ್ದ ಮೊದಲ ಸಲ ಅದೇ. ಆಮೇಲೆ ಕಾರ್ಖಾನೆಯಿಂದ ಬಂದದ್ದು ಇ-1. 'ಇ' ಅಂದರೆ ಐನ್‌ಡೆಕರ್, ಒಂದೇ ಜೊತೆ ರೆಕ್ಕೆಯದು. ಆ ಕಾಲದ ಹೆಚ್ಚಿನ ವಿಮಾನಗಳಿಗೆ ಮೇಲೊಂದು ಕೆಳಗೊಂದು ಅಂತ ಎರಡು ಜೊತೆ. ಇ-1ಕ್ಕೆ 80 ಅಶ್ವಶಕ್ತಿ. ಇ-2ಕ್ಕೆ 100. ಇ-3 ಅಂದರೆ ಅದೇ 100 ಅಶ್ವಶಕ್ತಿಗೆ ಹೊಂದುವ ಹಾಗೆ ರೆಕ್ಕೆ ಸರಿಮಾಡಿದ್ದು. ತುದಿಯಿಂದ ತುದಿಗೆ 9.52 ಮೀಟರ್. ವೇಗ ಗಂಟೆಗೆ 140 ಕಿಲೋಮೀಟರ್, ಇವತ್ತು ಹೆದ್ದಾರಿಯಲ್ಲಿ ಕಾರು ಹೋದೀತು. ಹೆಚ್ಚು ತಯಾರಾದದ್ದು ಇದೇ, ಸುಮಾರು 250. ಉಳಿದವು ಒಂದೊಂದೂ ಐವತ್ತರ ಆಸುಪಾಸು.

ಓಡಿಸುವುದು ಸುಲಭವಾಗಿರಲಿಲ್ಲ. ಪಕ್ಕಕ್ಕೆ ವಾಲಲು ಇವತ್ತಿನ ವಿಮಾನದ ಹಾಗೆ ರೆಕ್ಕೆಯ ಅಂಚಿನಲ್ಲಿ ಬೇರೆ ಹಲಗೆ ಇಲ್ಲ. ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚಬೇಕು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಹಾಗಾಗಿ ಅದು ವಾಲುವುದೇ ನಿಧಾನ. ಬಾಲಕ್ಕೆ ಕದಲದ ಭಾಗ ಒಂದೂ ಇಲ್ಲ. ಇಡೀ ಬಾಲವೇ ಅಲ್ಲಾಡುತ್ತದೆ. ಕೈ ಸ್ವಲ್ಪ ಸಡಿಲಾದರೆ ಮೂತಿ ಎತ್ತಲಾದರೂ ತಿರುಗುತ್ತದೆ. ಇದರ ಜೊತೆಗೆ ಹಿಂದಿನ ಟ್ಯಾಂಕಿನಿಂದ ಮುಂದಿನ ಟ್ಯಾಂಕಿಗೆ ಆಗಾಗ ಕೈಯಿಂದಲೇ ಪೆಟ್ರೋಲ್ ಪಂಪ್ ಮಾಡುತ್ತಿರಬೇಕು. ಯುದ್ಧದ ನಡುವೆಯೂ.

ಹಾಗಿದ್ದರೂ ಇದು ಗೆದ್ದದ್ದು ಹೇಗೆ? ಎದುರಿಗಿದ್ದವರನ್ನು ನೋಡಿ. ಬ್ರಿಟಿಷರ ಮುಖ್ಯ ವಿಮಾನ ಬಿಇ-2ಸಿ. ಅದನ್ನು ಕಟ್ಟಿದ್ದೇ ಅಲುಗಾಡದೆ ಹಾರಲಿ, ನೆಮ್ಮದಿಯಾಗಿ ಕೆಳಗೆ ನೋಡಿಕೊಂಡು ಬರಲಿ ಅಂತ. ಎತ್ತಿನಗಾಡಿಯ ಹಾಗೆ ನಂಬಿಗಸ್ತ, ಎತ್ತಿನಗಾಡಿಯ ಹಾಗೇ ತಿರುಗುತ್ತಿತ್ತು. ವೀಕ್ಷಕ ಮುಂದಿನ ಸೀಟಿನಲ್ಲಿ, ರೆಕ್ಕೆ-ತಂತಿಗಳ ಪಂಜರದೊಳಗೆ. ಹಿಂದಿನಿಂದ ಬಂದವನಿಗೆ ಗುಂಡು ಹಾರಿಸಬೇಕಾದರೆ ತನ್ನದೇ ಪೈಲಟ್‌ನ ತಲೆ ಅಡ್ಡ. ಬಾಂಬು ಹೊತ್ತಾಗ ತೂಕ ಉಳಿಸಲು ವೀಕ್ಷಕನನ್ನೇ ಬಿಟ್ಟು ಹೋಗುತ್ತಿದ್ದರು.

ಆಗಸ್ಟ್ 1ರ ಬೆಳಿಗ್ಗೆ ಹಾಗೇ ಆಯಿತು. ಬ್ರಿಟಿಷ್ ವಿಮಾನಗಳು ಡುವೇ ಊರಿನ ಜರ್ಮನ್ ವಿಮಾನ ನೆಲೆಗೆ ಬಾಂಬು ಹಾಕಲು ಬಂದವು. ಅಲ್ಲಿದ್ದವರು ಓಸ್ವಾಲ್ಡ್ ಬ್ಯೋಲ್ಕೆ ಮತ್ತು ಮ್ಯಾಕ್ಸ್ ಇಮೆಲ್‌ಮಾನ್. ಇಬ್ಬರೂ ಫಾಕರ್ ಹತ್ತಿದರು. ಬ್ಯೋಲ್ಕೆಯ ಗನ್ ಸಿಕ್ಕಿಕೊಂಡಿತು. ಇಮೆಲ್‌ಮಾನ್ ಒಬ್ಬಂಟಿ ಪೈಲಟ್ ಒಬ್ಬನ ಬೆನ್ನು ಹತ್ತಿ ಕೈಗೆ ಗಾಯ ಮಾಡಿ ಕೆಳಗಿಳಿಸಿದ. ಆಮೇಲೆ ತಾನೂ ಪಕ್ಕದಲ್ಲೇ ಇಳಿದು, ಹತ್ತಿರ ಹೋಗಿ, ಕೈಕುಲುಕಿ, ಸೆರೆ ಹಿಡಿದ. ಆ ಪೈಲಟ್ ಬಳಿ ಆಯುಧವೇ ಇರಲಿಲ್ಲ.

ನಿಜ ಹೇಳಬೇಕೆಂದರೆ ಫಾಕರ್‌ಗಳ ಸಂಖ್ಯೆ ಬಹಳ ಇರಲಿಲ್ಲ. ಒಂದೊಂದು ತಂಡಕ್ಕೆ ಒಂದೋ ಎರಡೋ, ಅದೂ ತಮ್ಮ ಕಡೆಯ ವೀಕ್ಷಣಾ ವಿಮಾನಗಳ ಕಾವಲಿಗೆ. ಗುಟ್ಟಿನ ಯಂತ್ರ ಶತ್ರುವಿನ ಕೈಗೆ ಸಿಗಬಾರದು ಅಂತ ರಣರಂಗದ ಗೆರೆ ದಾಟಿ ಆಚೆ ಹೋಗುವುದಕ್ಕೇ ಅಪ್ಪಣೆ ಇರಲಿಲ್ಲ. ಆದರೆ ಬ್ಯೋಲ್ಕೆ ಮತ್ತು ಇಮೆಲ್‌ಮಾನ್ ಇದನ್ನು ಬಳಸುವ ಕ್ರಮ ಕಂಡುಕೊಂಡರು. ಎತ್ತರದಲ್ಲಿ ಕಾಯುವುದು. ಸೂರ್ಯನನ್ನು ಬೆನ್ನಿಗೆ ಇಟ್ಟುಕೊಳ್ಳುವುದು. ಗಿಡುಗನ ಹಾಗೆ ಹಿಂದಿನಿಂದ ಎರಗುವುದು. ತೀರಾ ಹತ್ತಿರ ಹೋದ ಮೇಲೆ ಗುಂಡಿ ಒತ್ತುವುದು. ಹೀಗೆ ಎರಗುವವನಿಗೆ ವಿಮಾನ ಚುರುಕಾಗಿ ವಾಲದಿದ್ದರೂ ನಡೆಯುತ್ತದೆ. ಫಾಕರ್‌ನ ಕೊರತೆ ಕಾಣದ ಹಾಗೆ ಕಾದಾಡುವ ವಿದ್ಯೆ ಇದು. 1916ರ ಜನವರಿ 12ರಂದು ಇಬ್ಬರಿಗೂ ಒಂದೇ ದಿನ ಜರ್ಮನಿಯ ಅತಿದೊಡ್ಡ ಶೌರ್ಯ ಪದಕ ಸಿಕ್ಕಿತು. ಆಗ ಇಬ್ಬರೂ ಕೆಡವಿದ ವಿಮಾನಗಳ ಲೆಕ್ಕ ಎಂಟೆಂಟು.

ಅದಾದ ಎರಡೇ ದಿನಕ್ಕೆ ಬ್ರಿಟಿಷ್ ವಾಯುದಳ ಒಂದು ಆದೇಶ ಹೊರಡಿಸಿತು. ವೀಕ್ಷಣೆಗೆ ಹೋಗುವ ಒಂದೊಂದು ವಿಮಾನಕ್ಕೂ ಕಡಿಮೆ ಅಂದರೆ ಮೂರು ಕಾವಲು ವಿಮಾನ ಒತ್ತಾಗಿ ಹಾರಬೇಕು. ಒಂದು ತಪ್ಪಿಸಿಕೊಂಡರೂ ಕೆಲಸ ಬಿಟ್ಟು ವಾಪಸ್. ನನಗೆ ಫಾಕರ್‌ನ ನಿಜವಾದ ಗೆಲುವು ಕಾಣುವುದು ಇಲ್ಲಿ, ಕೆಡವಿದ ವಿಮಾನಗಳ ಪಟ್ಟಿಯಲ್ಲಲ್ಲ. ಒಂದು ವಿಮಾನದ ಕೆಲಸಕ್ಕೆ ನಾಲ್ಕು ಬೇಕಾದರೆ, ಒಂದೂ ಗುಂಡು ಹಾರಿಸದೆ ಎದುರಾಳಿಯ ಮುಕ್ಕಾಲು ಶಕ್ತಿ ಕಟ್ಟಿಹಾಕಿದ ಹಾಗಾಯಿತಲ್ಲ. ಮಾರ್ಚ್‌ನಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಪೆಂಬರ್‌ಟನ್ ಬಿಲ್ಲಿಂಗ್ ಎಂಬ ಸದಸ್ಯ ನಮ್ಮ ಹುಡುಗರನ್ನು 'ಫಾಕರ್‌ಗೆ ಮೇವು' ಮಾಡುತ್ತಿದ್ದೀರಿ ಅಂತ ಹರಿಹಾಯ್ದ.

ಇದರ ನೆರಳು ನಮ್ಮವರ ಮೇಲೂ ಬಿದ್ದಿತ್ತು. ಇಂದಿನ ಇರಾಕಿನ ಕೂಟ್ ಊರಿನಲ್ಲಿ ಬ್ರಿಟಿಷ್ ಇಂಡಿಯಾದ ಆರನೇ ಪೂನಾ ಡಿವಿಜನ್ 1915ರ ಡಿಸೆಂಬರ್‌ನಿಂದ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿತ್ತು. ಅದರೊಳಗೆ 103, 110 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು. ಇವತ್ತು ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ತಲೆಮಾರು. ಊಟ ಮುಗಿಯುತ್ತಾ ಬಂತು. ಕಾಳು ಇದ್ದರೂ ಬೀಸುವುದಕ್ಕೆ ಕಲ್ಲಿಲ್ಲ ಅಂತ ವಿಮಾನದಿಂದ ಬೀಸುಕಲ್ಲನ್ನೂ ಇಳಿಸಿದ್ದರು. ಏಪ್ರಿಲ್‌ನಲ್ಲಿ ಮೂಟೆ ಮೂಟೆ ಹಿಟ್ಟು ಮೇಲಿಂದ ಹಾಕಲು ನೋಡಿದರು. ಆ ಹೊತ್ತಿಗೆ ತುರ್ಕರ ಕಡೆ ಜರ್ಮನ್ನರ ಫಾಕರ್ ಬಂದಿತ್ತು. ಭಾರ ಹೊತ್ತು ನಿಧಾನ ಬರುತ್ತಿದ್ದ ವಿಮಾನಗಳ ಮೇಲೆ ಅದು ಎರಗಿತು. ನೌಕಾಪಡೆಯ ಒಂದು ಸೀಪ್ಲೇನ್ ಬಿತ್ತು. ಏಪ್ರಿಲ್ 29ರಂದು ಕೂಟ್ ಶರಣಾಯಿತು. ಸುಮಾರು 13,000 ಜನ ಸೆರೆಯಾದರು. ಫಾಕರ್ ಇರದಿದ್ದರೂ ಆ ಮೂಟೆಗಳು ಅಷ್ಟು ಹೊಟ್ಟೆಗೆ ಸಾಲುತ್ತಿರಲಿಲ್ಲ, ಅದು ಬೇರೆ ಮಾತು.

ಅಷ್ಟರಲ್ಲಿ ಯುರೋಪಿನಲ್ಲಿ ಗಾಳಿ ತಿರುಗಿತ್ತು. ಫ್ರೆಂಚರ ನ್ಯೂಪೋರ್ಟ್-11 ಬಂತು, ಗನ್ ಮೇಲಿನ ರೆಕ್ಕೆಯ ಮೇಲೆ, ಪ್ರೊಪೆಲರ್ ಸುತ್ತುವ ಜಾಗಕ್ಕಿಂತ ಎತ್ತರದಲ್ಲಿ. ಬ್ರಿಟಿಷರ ಡಿಎಚ್-2 ಬಂತು, ಎಂಜಿನ್ನೇ ಹಿಂದೆ, ಮುಂದೆ ಅಡ್ಡ ಏನೂ ಇಲ್ಲ. ಇಬ್ಬರೂ ಸರಳು-ಚಕ್ರದ ಗೋಜಿಗೇ ಹೋಗದೆ ಫಾಕರನ್ನು ಮೀರಿಸಿದರು.

ಫಾಕರ್‌ನ ಉತ್ತರ ಇ-4. ಎರಡು ಸಾಲಿನಲ್ಲಿ 14 ಸಿಲಿಂಡರ್, 160 ಅಶ್ವಶಕ್ತಿ, ಎರಡು ಗನ್. ಕಾಗದದ ಮೇಲೆ ಭರ್ಜರಿ. ಆದರೆ ಸುತ್ತುವ ಬುಗುರಿಯನ್ನು ಬೆರಳಿನಿಂದ ವಾಲಿಸಲು ನೋಡಿ, ಅದು ಹಠ ಮಾಡುತ್ತದೆ. ಮೂತಿಯಲ್ಲಿ ಅಷ್ಟು ತೂಕದ ಎಂಜಿನ್ ಬುಗುರಿಯ ಹಾಗೆ ಸುತ್ತುತ್ತಿದ್ದರೆ, ರೆಕ್ಕೆ ತಿರುಚಿ ವಾಲಬೇಕಾದ ವಿಮಾನ ಇನ್ನಷ್ಟು ಮೊಂಡಾಯಿತು. ಹಿಂದಿನ ಸಾಲಿನ ಸಿಲಿಂಡರ್‌ಗಳಿಗೆ ಗಾಳಿ ಸಾಲದೆ ಎಂಜಿನ್ ಬೇಗ ಸೊರಗುತ್ತಿತ್ತು. ಹಳೇ ಮೈಗೆ ಎಷ್ಟು ಶಕ್ತಿ ತುಂಬಿದರೂ ಹೊಸದಾಗಲಿಲ್ಲ.

ಮೇ 31ರಂದು ಇಮೆಲ್‌ಮಾನ್ ಇದೇ ಇ-4ರಲ್ಲಿದ್ದ. ಗುಂಡಿ ಒತ್ತಿದ, ಯಂತ್ರದ ಲೆಕ್ಕ ತಪ್ಪಿತು, ತನ್ನದೇ ಗುಂಡು ಪ್ರೊಪೆಲರಿನ ಒಂದು ಅಲಗಿನ ತುದಿ ಕತ್ತರಿಸಿತು. ಒಂದು ಕಡೆ ತೂಕ ತಪ್ಪಿದ ಪ್ರೊಪೆಲರ್ ಎಂಜಿನ್ನನ್ನೇ ಕಿತ್ತು ಹಾಕುವ ಹಾಗೆ ನಡುಗಿಸಿತು. ಹೇಗೋ ಎಂಜಿನ್ ಆರಿಸಿ ತೇಲಿಕೊಂಡು ಇಳಿದ. ಜೂನ್ 18ರಂದು ಇ-3ರಲ್ಲಿ ಮತ್ತೆ ಹೋದ. ಆ ಸಂಜೆ ಅವನ ವಿಮಾನ ಗಾಳಿಯಲ್ಲೇ ಮುರಿದು ಬಿತ್ತು. ಬ್ರಿಟಿಷರು ತಮ್ಮ ಎಫ್‌ಇ-2ಬಿ ವಿಮಾನದ ಗನ್ನರ್‌ಗೆ ಆ ಗೆಲುವು ಕೊಟ್ಟರು. ಯಂತ್ರ ಕೆಟ್ಟು ತನ್ನ ಪ್ರೊಪೆಲರನ್ನು ತಾನೇ ಕತ್ತರಿಸಿಕೊಂಡ ಅಂತ ಜರ್ಮನ್ನರು ವಾದಿಸಿದರು. ವಾದ ಇವತ್ತಿಗೂ ಮುಗಿದಿಲ್ಲ. ಮೂರು ವಾರದ ಹಿಂದಿನ ಕತೆ ಗೊತ್ತಿದ್ದವರಿಗೆ ಜರ್ಮನ್ನರ ಮಾತು ಬರೀ ನೆಪ ಅಂತ ತಳ್ಳಿಹಾಕುವುದು ಕಷ್ಟ.

ಜರ್ಮನಿ ಇನ್ನೊಬ್ಬ ವೀರನನ್ನು ಕಳೆದುಕೊಳ್ಳಲು ತಯಾರಿರಲಿಲ್ಲ. ಬ್ಯೋಲ್ಕೆಯನ್ನು ಹಾರಾಟದಿಂದ ದೂರ ಇಟ್ಟರು. ಆ ಬಿಡುವಿನಲ್ಲಿ ಅವನು ಆಕಾಶದ ಕಾದಾಟಕ್ಕೆ ನಿಯಮಗಳನ್ನು ಬರೆದಿಟ್ಟ. ಆಗಸ್ಟ್‌ನಲ್ಲಿ ವಾಪಸ್ ಬಂದು ಹೊಸ ತಂಡ ಕಟ್ಟಿದ. ಸ್ವಲ್ಪ ದಿನದಲ್ಲೇ ಅದಕ್ಕೆ ಎರಡು ಗನ್ನಿನ ಆಲ್ಬಟ್ರಾಸ್ ವಿಮಾನಗಳು ಸಿಕ್ಕವು. ಐನ್‌ಡೆಕರ್‌ಗಳು ರಣರಂಗದಿಂದ ಒಂದೊಂದಾಗಿ ತರಬೇತಿ ಶಾಲೆಗೆ ಸರಿದವು. ಸಂದಿಯಲ್ಲಿ ಗುಂಡು ಹಾರಿಸುವ ಉಪಾಯ ಮಾತ್ರ ಎಲ್ಲ ದೇಶಗಳಿಗೂ ಹಬ್ಬಿತು.

ಅಷ್ಟು ಜೋಪಾನ ಮಾಡಿದ ಗುಟ್ಟು ಹೊರಬಿದ್ದದ್ದು ಹೇಗೆ ಅಂತ ಕೇಳಿದರೆ ನಗು ಬರುತ್ತದೆ. 1916ರ ಏಪ್ರಿಲ್ 8ರಂದು ಒಬ್ಬ ಜರ್ಮನ್ ಪೈಲಟ್ ದಾರಿ ತಪ್ಪಿ, ತಮ್ಮದೇ ನೆಲೆ ಅಂದುಕೊಂಡು, ಸೇಂಟ್ ಓಮರ್ ಹತ್ತಿರದ ಬ್ರಿಟಿಷ್ ನೆಲೆಯಲ್ಲಿ ಇಳಿದುಬಿಟ್ಟ. ವಿಮಾನ ಹೊಸಾ ಇ-3, ಸಂಖ್ಯೆ 210/16, ಒಂದು ಗೀರೂ ಇಲ್ಲ. ಬ್ರಿಟಿಷರು ಅದನ್ನು ಹಾರಿಸಿ, ತಮ್ಮ ಬಳಿ ಇದ್ದ ಮೊರಾನ್ ಜೊತೆ ಹೋಲಿಸಿ ನೋಡಿದರು. ಇಷ್ಟು ದಿನ ಹೆದರಿದ್ದು ಇದಕ್ಕಾ ಅನ್ನಿಸಿತು. ಫಾಕರ್ ಯಾವುದರಲ್ಲೂ ವಿಶೇಷವಾಗಿ ಮುಂದಿರಲಿಲ್ಲ.

ಆ ವಿಮಾನ ಈಗಲೂ ಇದೆ, ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ. ಉಳಿದಿರುವ ಅಸಲಿ ಐನ್‌ಡೆಕರ್ ಅದೊಂದೇ. ಮೈಮೇಲೆ ಬಟ್ಟೆ ಹೊದಿಸಿಲ್ಲ. ಬೆಸೆದ ಕೊಳವೆಗಳು, ರೆಕ್ಕೆ ಎಳೆಯುವ ತಂತಿಗಳು, ಪೈಲಟ್‌ನ ಪುಟ್ಟ ಸೀಟು ಎಲ್ಲ ಹಾಗೇ ಬರಿಗಣ್ಣಿಗೆ ಕಾಣುತ್ತವೆ.